ಹೊರಗೆ ಕೆಂಪು, ಒಳಗೆ ಹಸಿ: ಏರ್ ಫ್ರೈಯರ್‌ನಲ್ಲಿ ಇಡೀ ಹಕ್ಕಿ ಬೇಯಿಸೋ ಲೆಕ್ಕ

(ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಗೊಟ್ಟಿಗೆರೆಯ ನಮ್ಮ ಮನೆ ಮಹಡಿ ರೂಮಿನಿಂದ, ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿಕೊಂಡು ಮಾತಾಡ್ತಿದ್ದೀನಿ. ಮಧ್ಯೆ ಎಲ್ಲಾದ್ರೂ ಬನ್ನೇರುಘಟ್ಟ ರಸ್ತೆಯ ಹಾರನ್ ಕೇಳಿಸಿದ್ರೆ ಸಹಿಸ್ಕೊಳ್ಳಿ, ಅದನ್ನ ಎಡಿಟ್ ಮಾಡೋ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಇವತ್ತಿನ ವಿಷಯ ಅಡುಗೆ. ಗಾಬರಿ ಬೇಡ, ನಾನು ಶೆಫ್ ಅಲ್ಲ, ಬಿ.ಕಾಂ. ಓದಿರೋನು. ನನಗೆ ಗೊತ್ತಿರೋದು ಲೆಕ್ಕ. ಆದ್ರೆ ಏರ್ ಫ್ರೈಯರ್‌ನಲ್ಲಿ ಒಂದು ಸಣ್ಣ ಹಕ್ಕಿಯನ್ನ, ಅಂದ್ರೆ ಗೌಜಲಕ್ಕಿ ಅಥವಾ ತಂದೂರಿ ಸೈಜಿನ ಕೋಳಿಯನ್ನ, ತುಂಡು ಮಾಡದೆ ಇಡಿಯಾಗಿ ಬೇಯಿಸೋದು ಪೂರ್ತಿ ಲೆಕ್ಕದ ಕೆಲಸ. ಆ ಲೆಕ್ಕ ತಪ್ಪಿದಾಗ ಏನಾಗುತ್ತೆ ಅನ್ನೋದನ್ನ ನಾನು ನಮ್ಮ ಅಜ್ಜಿಯ ಮೇಲೆ ಕಲಿತೆ. ಇದು ಹೆಮ್ಮೆಯ ವಿಷಯ ಅಲ್ಲ. ಅದಕ್ಕೇ ಮೊದಲು ಹೇಳಿಬಿಡ್ತೀನಿ.

ಹೋದ ವರ್ಷದ ಹೊಸತೊಡಕು

ನಮ್ಮ ಕಡೆ ಯುಗಾದಿ ಎರಡು ದಿನದ ಹಬ್ಬ. ಮೊದಲ ದಿನ ಬೇವು-ಬೆಲ್ಲ, ಒಬ್ಬಟ್ಟು. ಮಾರನೇ ದಿನ ಹೊಸತೊಡಕು, ಬಾಡೂಟ. ಅವತ್ತು ಬೆಂಗಳೂರಿನ ಮಾಂಸದಂಗಡಿಗಳ ಮುಂದೆ ಬೆಳಕು ಹರಿಯೋ ಮೊದಲೇ ನಿಲ್ಲೋ ಕ್ಯೂ ನೋಡಿದವರಿಗೆ ನಾನು ಏನೂ ವಿವರಿಸಬೇಕಾಗಿಲ್ಲ.

ಕ್ಯೂ ತಪ್ಪಿಸೋಕೆ ನಾನು ಬುದ್ಧಿವಂತಿಕೆ ಮಾಡಿದೆ. ಎರಡು ದಿನ ಮೊದಲೇ ಎರಡು ಸಣ್ಣ ಕೋಳಿ ತಂದು ಫ್ರೀಜರ್‌ಗೆ ಹಾಕಿದೆ. ಹಬ್ಬದ ಬೆಳಗ್ಗೆ ತೆಗೆದು ಸಿಂಕ್ ಪಕ್ಕ ಇಟ್ಟೆ. ಮಧ್ಯಾಹ್ನ ಮುಟ್ಟಿ ನೋಡಿದಾಗ ಮೆತ್ತಗಿತ್ತು. ಮಸಾಲೆ ಹಚ್ಚಿ, ಎರಡನ್ನೂ ಒಟ್ಟಿಗೆ ಏರ್ ಫ್ರೈಯರ್ ಬುಟ್ಟಿಗೆ ತುರುಕಿ, ಒಂದು ವಿಡಿಯೋದಲ್ಲಿ ಹೇಳಿದ ಹಾಗೆ 200 ಡಿಗ್ರಿ, 25 ನಿಮಿಷ ಇಟ್ಟೆ.

ಅಜ್ಜಿ ಹತ್ತಿರ ಬಂದು ನೋಡಿ, ‘ಏನ್ ಮಗಾ, ಈ ಡಬ್ಬದಾಗೆ ಬೆಂಕಿ ಎಲ್ಲೈತೆ?’ ಅಂದ್ರು.

ಹೊರಗೆ ತೆಗೆದಾಗ ಏನ್ ಬಣ್ಣ ಅಂತೀರಿ! ಹೋಟೆಲಿನ ಮೆನು ಕಾರ್ಡಿನ ಫೋಟೋ ಥರ. ನಾನು ಫೋಟೋ ತೆಗೆದು ಸ್ಟೇಟಸ್ ಹಾಕೋಷ್ಟರಲ್ಲಿ ಅಮ್ಮ ಬಡಿಸಿ ಆಗಿತ್ತು. ಮೆತ್ತಗಿರುತ್ತೆ ಅಂತ ಅಜ್ಜಿಗೆ ತೊಡೆ ಭಾಗ. ಅಜ್ಜಿಗೆ ಹತ್ತಿರ ಹತ್ತಿರ ಎಂಬತ್ತು, ಸಕ್ಕರೆ ಕಾಯಿಲೆ ಇದೆ. ಅರ್ಧ ತಿಂದು, ‘ಮೂಳೆ ಹತ್ರ ಇನ್ನೂ ಹಸಿ ಐತಲ್ಲಾ’ ಅಂದ್ರು. ‘ಅಜ್ಜಿ, ಅದು ಜ್ಯೂಸಿ ಅಂತ’ ಅಂದೆ ನಾನು. ಈ ಮಾತು ಈಗಲೂ ನೆನಪಾದ್ರೆ ನಾಚಿಕೆ ಆಗುತ್ತೆ. ಮೊಮ್ಮಗನ ಮುಖ ನೋಡಿ ಅವರು ಉಳಿದಿದ್ದನ್ನೂ ತಿಂದ್ರು.

ಮಾರನೇ ರಾತ್ರಿ ವಾಂತಿ-ಭೇದಿ ಶುರು. ಬೆಳಗಿನ ಜಾವ ಆಟೋದಲ್ಲಿ ಆಸ್ಪತ್ರೆ. ಎರಡು ದಿನ ಡ್ರಿಪ್. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಹಬ್ಬಕ್ಕೆ ಏನ್ ತಿಂದ್ರಿ?’ ಪರೀಕ್ಷೆ ಮಾಡದೆ ಇದೇ ಕಾರಣ ಅಂತ ಹೇಳೋಕಾಗಲ್ಲ ಅಂತಾನೂ ಅವರು ಹೇಳಿದ್ರು, ನಿಜ. ಆದ್ರೆ ಮನೆಯಲ್ಲಿ ತೊಡೆ ತಿಂದವರು ಅಜ್ಜಿ ಮತ್ತು ನಾನು. ನನಗೂ ಹೊಟ್ಟೆ ಕೆಟ್ಟಿತ್ತು. ಎದೆ ಭಾಗ ತಿಂದವರು ಆರಾಮಾಗಿದ್ರು. ಲೆಕ್ಕ ಓದಿದವನಿಗೆ ಈ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಅವತ್ತು ನಾನು ಎಷ್ಟು ತಪ್ಪು ಮಾಡಿದ್ದೆ ಅಂತ ಆಮೇಲೆ ಕೂತು ಪಟ್ಟಿ ಮಾಡಿದೆ. ಆ ಪಟ್ಟಿಯೇ ಇವತ್ತಿನ ಎಪಿಸೋಡ್.

ಇದು ಫ್ರೈಯರ್ ಅಲ್ಲ, ಫ್ಯಾನ್ ಇರೋ ಒಲೆ

ಏರ್ ಫ್ರೈಯರ್ ಅನ್ನೋ ಹೆಸರೇ ಅರ್ಧ ಸುಳ್ಳು. ಇದರಲ್ಲಿ ಏನೂ ‘ಫ್ರೈ’ ಆಗಲ್ಲ. ಮೇಲೆ ಒಂದು ಹೀಟಿಂಗ್ ಕಾಯಿಲ್, ಅದರ ಹಿಂದೆ ಒಂದು ಫ್ಯಾನ್, ಕೆಳಗೆ ತೂತಿರೋ ಬುಟ್ಟಿ. ಬಿಸಿ ಗಾಳಿ ಜೋರಾಗಿ ಸುತ್ತುತ್ತೆ, ಅಷ್ಟೇ. ಬೇಕರಿಗಳಲ್ಲಿರೋ ಕನ್ವೆಕ್ಷನ್ ಓವನ್‌ನ ಸಣ್ಣ ತಮ್ಮ ಅಂತ ಇಟ್ಕೊಳ್ಳಿ. ಫ್ರೆಡ್ ಫಾನ್ ಡೆರ್ ವೈ ಅನ್ನೋ ಡಚ್ ತಂತ್ರಜ್ಞನ ವಿನ್ಯಾಸ ಇದು. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಇದನ್ನ ಮೊದಲು ತೋರಿಸಿತು.

ಗಾಳಿ ಓಡಾಡೋದರಿಂದ ಏನು ಲಾಭ? ಬಟ್ಟೆ ಒಣಗಿಸೋದನ್ನ ನೆನಪಿಸ್ಕೊಳ್ಳಿ. ಬಿಸಿಲಿದ್ರೂ ಗಾಳಿ ಇಲ್ಲ ಅಂದ್ರೆ ಬಟ್ಟೆ ನಿಧಾನ ಒಣಗುತ್ತೆ. ಗಾಳಿ ಬಂದ ತಕ್ಷಣ ಬಟ್ಟೆ ಸುತ್ತ ನಿಂತಿದ್ದ ತೇವ ಹಾರಿಹೋಗುತ್ತೆ. ಹಕ್ಕಿಯ ಚರ್ಮದ ಮೇಲೂ ಅದೇ ಕಥೆ. ನೀರು ಇರೋವರೆಗೂ ಆ ಜಾಗದ ಬಿಸಿ ನೀರು ಕುದಿಯೋ ಮಟ್ಟ ದಾಟಲ್ಲ. ಚರ್ಮ ಕೆಂಪಗೆ, ಗರಿಗರಿ ಆಗೋಕೆ ಸುಮಾರು 140 ಡಿಗ್ರಿ ದಾಟಬೇಕು. ಫ್ಯಾನ್ ಆ ನೀರನ್ನ ಬೇಗ ಓಡಿಸುತ್ತೆ, ಚರ್ಮ ಬೇಗ ಕೆಂಪಾಗುತ್ತೆ.

ನನ್ನ ಎಡವಟ್ಟು ಇಲ್ಲೇ ಶುರುವಾಗಿದ್ದು. ಹೊರಗಿನ ಚರ್ಮಕ್ಕೆ ಬಿಸಿ ಕೊಡೋದು ಗಾಳಿ. ಒಳಗಿನ ಮಾಂಸಕ್ಕೆ ಬಿಸಿ ಹೋಗಬೇಕಾದ್ರೆ ಮಾಂಸದ ಮೂಲಕವೇ, ಇಂಚಿಂಚಾಗಿ ಹೋಗಬೇಕು. ಅಲ್ಲಿ ಫ್ಯಾನ್ ಇಲ್ಲ. ಯಂತ್ರ ಹೊರಗಿನ ಕೆಲಸವನ್ನ ಫಾಸ್ಟ್ ಮಾಡುತ್ತೆ, ಒಳಗಿನ ಕೆಲಸ ತನ್ನ ಪಾಡಿಗೆ ನಿಧಾನ ನಡೀತಿರುತ್ತೆ. ಹಾಗಾಗಿ ಏರ್ ಫ್ರೈಯರ್‌ನಲ್ಲಿ ಬಣ್ಣ ನೋಡಿ ‘ಬೆಂದಿದೆ’ ಅನ್ನೋದು, ಕವರ್ ನೋಡಿ ಪುಸ್ತಕ ಓದಿದೆ ಅಂದ ಹಾಗೆ.

ಯಾವ ಹಕ್ಕಿ? ಅಂಗಡಿಯಲ್ಲಿ ಏನಂತ ಕೇಳ್ಬೇಕು?

ಇಂಗ್ಲಿಷ್ ರೆಸಿಪಿಗಳಲ್ಲಿ ‘ಕಾರ್ನಿಷ್ ಗೇಮ್ ಹೆನ್’ ಅಂತ ಒಂದು ಹೆಸರು ಪದೇಪದೇ ಬರುತ್ತೆ. ಹೆಸರು ಕೇಳಿದ್ರೆ ಯಾವುದೋ ಕಾಡುಹಕ್ಕಿ ಅನ್ಸುತ್ತೆ. ಅಲ್ಲ, ಅದು ಚಿಕ್ಕ ವಯಸ್ಸಿಗೇ ಕಡಿದ ಬ್ರಾಯ್ಲರ್ ಕೋಳಿ ಅಷ್ಟೇ. ಅಮೆರಿಕದ ನಿಯಮದ ಪ್ರಕಾರ ಐದು ವಾರದೊಳಗಿನದ್ದು, ಕ್ಲೀನ್ ಮಾಡಿದ ಮೇಲೆ ಎರಡು ಪೌಂಡ್, ಅಂದ್ರೆ ಸುಮಾರು 900 ಗ್ರಾಂ ದಾಟಬಾರದು. ಹೆಸರಲ್ಲಿ ‘ಹೆನ್’ ಇದ್ರೂ ಅದು ಹುಂಜನೂ ಆಗಿರಬಹುದು. ಅದನ್ನ ಹುಡುಕಿಕೊಂಡು ಸೂಪರ್ ಮಾರ್ಕೆಟ್ ಸುತ್ತೋ ಅಗತ್ಯ ಇಲ್ಲ. ನಮ್ಮ ಕೋಳಿ ಅಂಗಡಿಯಲ್ಲಿ ‘ತಂದೂರಿ ಸೈಜ್ ಕೊಡಿ, ಫುಲ್ ಇರ್ಲಿ, ಕಟ್ ಮಾಡ್ಬೇಡಿ’ ಅಂದ್ರೆ ಆಯ್ತು. ಕ್ಲೀನ್ ಆದ ಮೇಲೆ 600 ಗ್ರಾಂ ಆಸುಪಾಸಿನದ್ದು ತಗೊಳ್ಳಿ. ಸಾಮಾನ್ಯ ನಾಲ್ಕು ಲೀಟರ್ ಬುಟ್ಟಿಗೆ ಒಂದೇ ಒಂದು.

ಒಂದು ಮಾತು ಮರೀಬೇಡಿ: ‘ವಿತ್ ಸ್ಕಿನ್’ ಅಂತ ಮೊದಲೇ ಹೇಳಿ. ಕೇಳದಿದ್ರೆ ನಮ್ಮಲ್ಲಿ ಬಹಳ ಕಡೆ ಚರ್ಮ ಎಳೆದು ಬಿಸಾಕ್ತಾರೆ. ಚರ್ಮ ಇಲ್ಲದ ಹಕ್ಕಿ ಈ ಬಿಸಿಗಾಳಿಯಲ್ಲಿ ಒಣಗಿ ಚಕ್ಕೆ ಆಗುತ್ತೆ. ಸ್ಕಿನ್‌ಲೆಸ್ಸೇ ಸಿಕ್ಕಿದ್ರೆ ಗಟ್ಟಿ ಮೊಸರಿನ ಮಸಾಲೆ ದಪ್ಪಗೆ ಹಚ್ಚಿ, ಮೇಲೆ ಎಣ್ಣೆ ಸವರಿ, 170 ಡಿಗ್ರಿ ಮೀರಬೇಡಿ.

ಇನ್ನು ಗೌಜಲಕ್ಕಿ. ಅಂಗಡಿಗಳಲ್ಲಿ ‘ಕ್ವೇಲ್’ ಅಂತಲೋ, ತಮಿಳಿನ ‘ಕಾಡೈ’ ಅಂತಲೋ ಕರೀತಾರೆ. ಕ್ಲೀನ್ ಆದ ಮೇಲೆ ಒಂದೊಂದು ಸುಮಾರು 150 ಗ್ರಾಂ. ನಮ್ಮ ಅಜ್ಜಿ ಕನಕಪುರ ಕಡೆಯವರು. ಅವರು ಸಣ್ಣವರಿದ್ದಾಗ ಹೊಲದಲ್ಲಿ ಬಲೆ ಹಾಕಿ ಗೌಜಲಕ್ಕಿ ಹಿಡೀತಿದ್ರಂತೆ. ಮೆಣಸು ಹಾಕಿದ ಸಾರು, ಜೊತೆಗೆ ರಾಗಿಮುದ್ದೆ. ಈಗ ಹಾಗೆ ಹಿಡಿದ್ರೆ ಅದು ಅಪರಾಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡು ಗೌಜಲಕ್ಕಿಗಳಿಗೆ ರಕ್ಷಣೆ ಕೊಟ್ಟಿದೆ. ಅಂಗಡಿಯಲ್ಲಿ ನಮಗೆ ಸಿಗೋದು ಬೇರೆ ಜಾತಿ: ಸಾಕಣೆಯ ಜಪಾನೀಸ್ ಕ್ವೇಲ್. ಉತ್ತರ ಪ್ರದೇಶದ ಇಜ್ಜತ್‌ನಗರದ ಮೂಲಕ 1974ರಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಹಕ್ಕಿ ಅದು. ಐದಾರು ವಾರಕ್ಕೇ ಮಾರಾಟಕ್ಕೆ ರೆಡಿ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದರ ಸಾಕಣೆಗೂ ನಿರ್ಬಂಧ ತಂದಿತ್ತು, ಕೆಲ ವರ್ಷಗಳಲ್ಲೇ ಅದು ಸಡಿಲ ಆಯ್ತು. ಹಾಗಾಗಿ ಫಾರ್ಮ್ ಹಕ್ಕಿ ತಿನ್ನೋಕೆ ಅಡ್ಡಿ ಇಲ್ಲ. ರಸ್ತೆ ಬದಿ ಯಾರಾದ್ರೂ ‘ಕಾಡಿಂದು ಸಾರ್’ ಅಂತ ಬುಟ್ಟಿ ತೋರಿಸಿದ್ರೆ ಮಾತ್ರ ಕೊಳ್ಳಬೇಡಿ.

ನಾಟಿ ಕೋಳಿ? ದಯವಿಟ್ಟು ಬೇಡ. ಪ್ರಯತ್ನ ಪಟ್ಟಿದ್ದೀನಿ, ದವಡೆ ನೋವು ಬಂತು. ಓಡಾಡಿ ಬೆಳೆದ, ವಯಸ್ಸಾದ ಕೋಳಿಯ ಮಾಂಸದಲ್ಲಿ ಕೊಲಾಜೆನ್ ಅನ್ನೋ ನಾರು ಗಟ್ಟಿಯಾಗಿರುತ್ತೆ. ಅದು ಕರಗಿ ಮೆತ್ತಗಾಗೋಕೆ ತೇವ ಬೇಕು, ಹೊತ್ತು ಬೇಕು. ಏರ್ ಫ್ರೈಯರ್ ಕೊಡೋದು ಒಣ ಬಿಸಿ, ಅದೂ ಸ್ವಲ್ಪ ಹೊತ್ತು. ನಾಟಿ ಕೋಳಿಗೆ ಕುಕ್ಕರ್ ಸರಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿ ಗಿರಿರಾಜಕ್ಕೂ, ಬೆಳೆದದ್ದಾದ್ರೆ ಇದೇ ಮಾತು. ಈ ಯಂತ್ರಕ್ಕೆ ಎಳೇ ಹಕ್ಕಿನೇ ಆಗ್ಬೇಕು.

ತಪ್ಪು ಒಂದು: ಹೊಟ್ಟೆಯೊಳಗಿನ ಐಸ್

ಈಗ ನನ್ನ ಪಟ್ಟಿಗೆ ಬರೋಣ. ಮೊದಲ ತಪ್ಪು ಫ್ರೀಜರ್. ಇಡೀ ಹಕ್ಕಿ ಹೊರಗೆ ಮೆತ್ತಗಾದಾಗ ಒಳಗೆ, ಹೊಟ್ಟೆಯ ಪೊಳ್ಳಿನಲ್ಲಿ, ತೊಡೆ ದೇಹಕ್ಕೆ ಸೇರೋ ಜಾಗದಲ್ಲಿ ಐಸ್ ಹಾಗೇ ಇರುತ್ತೆ. ಐಸ್ ಕರಗೋಕೇ ಬಹಳಷ್ಟು ಶಾಖ ಬೇಕು. ನನ್ನ 25 ನಿಮಿಷದಲ್ಲಿ ಅರ್ಧ ಅದಕ್ಕೇ ಖರ್ಚಾಗಿತ್ತು. ಜೊತೆಗೆ, ಬೇಸಿಗೆಯಲ್ಲಿ ಕಟ್ಟೆ ಮೇಲೆ ನಾಲ್ಕೈದು ಗಂಟೆ ಬಿಟ್ಟಿದ್ದರಿಂದ ಹೊರಗಿನ ಭಾಗದಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಸಂಸಾರ ಬೆಳೆಸಿತ್ತು. ಎರಡೂ ಕಡೆ ನಷ್ಟ.

ಸರಿಯಾದ ದಾರಿ: ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು, ಫ್ರಿಡ್ಜ್‌ನ ಕೆಳಗಿನ ತಟ್ಟೆಯಲ್ಲಿ, ಪಾತ್ರೆಯೊಳಗೆ ಇಡಿ. ಕೆಳಗೆ ಯಾಕಂದ್ರೆ ಅದರ ನೀರು ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕಬಾರದು. ಅರ್ಜೆಂಟ್ ಇದ್ರೆ ನೀರು ಹೋಗದ ಕವರ್‌ನಲ್ಲಿ ಗಟ್ಟಿ ಕಟ್ಟಿ, ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಬೇಯಿಸೋ ಮೊದಲು ಹೊಟ್ಟೆಯೊಳಗೆ ಬೆರಳು ಹಾಕಿ ನೋಡಿ. ಐಸ್ ತಾಗಿದ್ರೆ ಇನ್ನೂ ಟೈಮ್ ಆಗಿಲ್ಲ.

ತೊಳೆಯೋ ವಿಷಯ. ಹೊರದೇಶದ ಆಹಾರ ಸುರಕ್ಷತೆಯವರು ಕೋಳಿ ತೊಳೀಲೇಬೇಡಿ ಅಂತಾರೆ, ಯಾಕಂದ್ರೆ ನಲ್ಲಿ ನೀರಿನ ಹನಿ ಸಿಡಿದು ಕೀಟಾಣು ಅಡುಗೆಮನೆ ತುಂಬಾ ಹೋಗುತ್ತೆ. ನಮ್ಮ ಮನೆಯಲ್ಲಿ ಅರಿಶಿನ, ಉಪ್ಪು ಹಾಕಿ ತೊಳೀದೆ ಕೋಳಿ ಒಲೆ ಹತ್ತಿರ ಹೋಗಲ್ಲ. ಅಮ್ಮನ ಹತ್ತಿರ ಈ ವಾದ ನಾನು ಗೆದ್ದಿಲ್ಲ, ನೀವೂ ಗೆಲ್ಲಲ್ಲ. ಹಾಗಾಗಿ ರಾಜಿ ಮಾಡ್ಕೊಂಡಿದ್ದೀವಿ: ನಲ್ಲಿ ಕೆಳಗೆ ಹಿಡಿಯೋದಿಲ್ಲ, ಆಳವಾದ ಪಾತ್ರೆಯ ನೀರಲ್ಲಿ ನಿಧಾನ ಅದ್ದಿ ತೊಳೆಯೋದು, ಆಮೇಲೆ ಸಿಂಕ್, ಕತ್ತರಿಸೋ ಹಲಗೆ, ಕೈ ಮೂರಕ್ಕೂ ಸೋಪು.

ತಪ್ಪು ಎರಡು: ಬಿ.ಎಂ.ಟಿ.ಸಿ. ಬುಟ್ಟಿ

ಎರಡು ಕೋಳಿಯನ್ನ ಒಂದೇ ಬುಟ್ಟಿಗೆ ತುರುಕಿದ್ದೆ ಅಂದ್ನಲ್ಲ, ಅದು ಸಂಜೆ ಆರೂವರೆಯ ಬನ್ನೇರುಘಟ್ಟ ರಸ್ತೆ ಬಸ್ಸಿನ ಥರ ಇತ್ತು. ಗಾಳಿ ಓಡಾಡೋಕೆ ಜಾಗವೇ ಇಲ್ಲ. ಒಂದಕ್ಕೊಂದು ಅಂಟಿದ ಕಡೆ, ಅಂದ್ರೆ ತೊಡೆ-ತೊಡೆ ಸೇರಿದ ಕಡೆ, ಬಿಸಿಗಾಳಿ ತಾಗಲೇ ಇಲ್ಲ. ಹಕ್ಕಿಯ ಸುತ್ತ ಎಲ್ಲಾ ಕಡೆ ಬೆರಳು ತೂರುವಷ್ಟು ಜಾಗ ಇರಲಿ. ಗೌಜಲಕ್ಕಿ ಆದ್ರೆ ಒಂದು ಸಲಕ್ಕೆ ಎರಡು, ಬುಟ್ಟಿ ದೊಡ್ಡದಿದ್ರೆ ಮೂರು. ಮನೆ ತುಂಬಾ ಜನ ಇದ್ರೆ ಎರಡು ಟ್ರಿಪ್ ಹೊಡೀರಿ.

ಇನ್ನೊಂದು ವಿಷಯ ಎತ್ತರ. ಕಾಯಿಲ್ ಇರೋದು ಮೇಲೆ. ಎದೆ ಭಾಗ ಮೇಲ್ಮುಖ ಇಟ್ರೆ ಎದೆಗೆ ಜಾಸ್ತಿ ಬಿಸಿ, ಕೆಳಗಿರೋ ತೊಡೆಗೆ ಕಮ್ಮಿ. ಆದ್ರೆ ಆಗಬೇಕಾದ್ದು ಉಲ್ಟಾ! ಎದೆ ಮಾಂಸದಲ್ಲಿ ಕೊಬ್ಬಿಲ್ಲ, ಬೇಗ ಒಣಗುತ್ತೆ. ತೊಡೆಯಲ್ಲಿ ನಾರು ಜಾಸ್ತಿ, ಇನ್ನಷ್ಟು ಬೇಯಬೇಕು. ಅದಕ್ಕೆ ಮೊದಲ ಅರ್ಧಕ್ಕಿಂತ ಜಾಸ್ತಿ ಹೊತ್ತು ಎದೆ ಕೆಳಗೆ, ಬೆನ್ನು ಮೇಲೆ ಇಡಿ. ಕೊನೆಗೆ ತಿರುಗಿಸಿ ಎದೆಗೆ ಬಣ್ಣ ಬರಿಸಿ. ಹೊಟ್ಟೆಯೊಳಗೆ ಮೊಟ್ಟೆ, ಅನ್ನ, ಮಸಾಲೆ ಅಂತ ಏನೂ ತುಂಬಬೇಡಿ. ಅದು ಬೇಯೋಷ್ಟರಲ್ಲಿ ಹೊರಗಿನದ್ದು ಇದ್ದಿಲಾಗಿರುತ್ತೆ. ಬೇಕಿದ್ರೆ ಎರಡು ಬೆಳ್ಳುಳ್ಳಿ, ಒಂದು ಚೂರು ನಿಂಬೆ ಸಾಕು.

ತಪ್ಪು ಮೂರು: ಇನ್ನೊಬ್ಬರ ನಿಮಿಷ

ವಿಡಿಯೋದವರು 25 ನಿಮಿಷ ಅಂದ್ರು, ನಾನೂ 25 ಇಟ್ಟೆ. ಅವರ ಹಕ್ಕಿ ಬೇರೆ, ಯಂತ್ರ ಬೇರೆ, ಕರೆಂಟ್ ಬೇರೆ.

ಹಕ್ಕಿಯ ದಪ್ಪ ತಗೊಳ್ಳಿ. ಬಿಸಿ ಮಾಂಸದ ಮಧ್ಯಕ್ಕೆ ತಲುಪೋ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ. ದಪ್ಪ ಎರಡರಷ್ಟಾದ್ರೆ ಹೊತ್ತು ಎರಡರಷ್ಟಲ್ಲ, ಹತ್ತಿರ ಹತ್ತಿರ ನಾಲ್ಕರಷ್ಟು. ಗೌಜಲಕ್ಕಿಗೆ ಕೋಳಿಯ ಟೈಮ್ ಇಟ್ರೆ ಸೌದೆ ಆಗೋದು, ದಪ್ಪ ಕೋಳಿಗೆ ಸಣ್ಣ ಕೋಳಿಯ ಟೈಮ್ ಇಟ್ರೆ ಹಸಿ ಉಳಿಯೋದು ಇದಕ್ಕೇ.

ವೋಲ್ಟೇಜ್ ಇನ್ನೊಂದು. ಕಾಯಿಲ್ ಕೊಡೋ ಬಿಸಿಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತೆ. 230 ವೋಲ್ಟ್ ಇರಬೇಕಾದ ಕಡೆ 200 ಬಂದ್ರೆ, ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ, ಬಿಸಿ ಹತ್ತಿರ ಹತ್ತಿರ ಕಾಲು ಭಾಗ ಕಮ್ಮಿ. ಬೀದಿಯ ಎಲ್ಲಾ ಮನೆಯಲ್ಲೂ ಗೀಸರ್, ಮಿಕ್ಸಿ, ಪಂಪು ಓಡ್ತಿರೋ ಹಬ್ಬದ ದಿನ ಇದು ಆಗಬಹುದು. ಡಿಸ್‌ಪ್ಲೇ ಮಾತ್ರ 200 ಡಿಗ್ರಿ ಅಂತಾನೇ ತೋರಿಸ್ತಿರುತ್ತೆ.

ಕರೆಂಟ್ ಅಂದಾಗ ಒಂದು ಎಚ್ಚರಿಕೆ. 1,500 ವಾಟ್‌ನ ಯಂತ್ರ 230 ವೋಲ್ಟಿನಲ್ಲಿ ಎಳೆಯೋದು ಸುಮಾರು ಆರೂವರೆ ಆಂಪ್ಸ್. ಮೊಬೈಲ್ ಚಾರ್ಜರ್ ಹಾಕೋ ಸಣ್ಣ ಸಾಕೆಟ್ ಇರೋದೇ 6 ಆಂಪ್ಸ್‌ಗೆ. ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಮಿಕ್ಸಿ ಜೊತೆ ಇದನ್ನೂ ಸಿಕ್ಕಿಸಿ ನಾನು ಒಂದು ಸಲ ಪ್ಲಾಸ್ಟಿಕ್ ಸುಟ್ಟ ವಾಸನೆ ಕುಡಿದಿದ್ದೀನಿ. ಗೀಸರ್, ಫ್ರಿಡ್ಜ್‌ಗೆ ಕೊಡೋ 16 ಆಂಪ್ಸ್‌ನ ದೊಡ್ಡ ಸಾಕೆಟ್‌ಗೇ ನೇರ ಹಾಕಿ. ಬಿಲ್ ಬಗ್ಗೆ ಕೇಳೋರಿಗೆ: 25 ನಿಮಿಷ ಪೂರ್ತಿ ಉರಿದ್ರೂ 0.63 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಹಿಡಿದ್ರೂ ನಾಲ್ಕೂವರೆ ರೂಪಾಯಿ ಒಳಗೆ. ಒಂದು ಕಟಿಂಗ್ ಚಹಾ ಬರಲ್ಲ ಅದಕ್ಕೆ.

ಹಾಗಾದ್ರೆ ಬೆಂದಿದೆ ಅಂತ ಗೊತ್ತಾಗೋದು ಹೇಗೆ?

ಥರ್ಮಾಮೀಟರ್. ಜ್ವರ ನೋಡೋದಲ್ಲ, ಚುಚ್ಚಿ ನೋಡೋ ಅಡುಗೆ ಥರ್ಮಾಮೀಟರ್. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುತ್ತೆ. ಏರ್ ಫ್ರೈಯರ್‌ಗೆ ಸಾವಿರಗಟ್ಟಲೆ ಕೊಟ್ಟು ಇದನ್ನ ಬಿಡೋದು, ಬೈಕ್ ತಗೊಂಡು ಹೆಲ್ಮೆಟ್ ಬಿಟ್ಟ ಹಾಗೆ.

ನೆನಪಿಡಬೇಕಾದ ನಂಬರ್ ಒಂದೇ: 74. ತೊಡೆಯ ಅತಿ ದಪ್ಪ ಭಾಗದಲ್ಲಿ, ಮೂಳೆಗೆ ತಾಗದ ಹಾಗೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಥರದ ಕೀಟಾಣುಗಳು ಆ ಬಿಸಿಗೆ ಉಳಿಯಲ್ಲ. ತೊಡೆ 80ರ ಹತ್ತಿರ ಹೋದ್ರೆ ಇನ್ನೂ ಮೆತ್ತಗಿರುತ್ತೆ. ಮೂಳೆಗೆ ತಾಗಿದ್ರೆ ರೀಡಿಂಗ್ ದಾರಿ ತಪ್ಪಿಸುತ್ತೆ, ಅದಕ್ಕೆ ಎರಡು-ಮೂರು ಕಡೆ ಚುಚ್ಚಿ, ಅದರಲ್ಲಿ ಅತಿ ಕಮ್ಮಿ ಬಂದ ನಂಬರನ್ನೇ ನಂಬಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ರಾಯಚೂರು, ಬಳ್ಳಾರಿ ಕಡೆ ಹಕ್ಕಿಜ್ವರ ಬಂದಾಗ ‘ಕೋಳಿ ತಿನ್ನಬಹುದಾ?’ ಅಂತ ಎಲ್ಲರೂ ಕೇಳ್ತಿದ್ರಲ್ಲ, ಅದಕ್ಕೂ ಉತ್ತರ ಇಲ್ಲೇ ಇದೆ. ಮಾಂಸದ ಎಲ್ಲಾ ಭಾಗವೂ 70 ಡಿಗ್ರಿ ಮುಟ್ಟಿದ್ರೆ ಆ ವೈರಸ್ ಸಾಯುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ‘ಎಲ್ಲಾ ಭಾಗವೂ’ ಅನ್ನೋ ಪದ ಗಮನಿಸಿ.

ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡೋಕೆ ಐಸ್ ತುಂಬಿದ ನೀರಲ್ಲಿ ಅದ್ದಿ, ಸೊನ್ನೆ ಹತ್ತಿರ ಬರಬೇಕು. ಕುದಿಯೋ ನೀರಲ್ಲಿ ಅದ್ದಿದ್ರೆ 100 ಬರಲ್ಲ, ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದೇ 97 ಡಿಗ್ರಿ ಆಸುಪಾಸಲ್ಲಿ.

ಬಣ್ಣ ನೋಡಿ ಹೇಳೋಕಾಗಲ್ವಾ? ಆಗಲ್ಲ, ಎರಡೂ ಕಡೆಯಿಂದ ಆಗಲ್ಲ. ಎಳೇ ಹಕ್ಕಿಯಲ್ಲಿ ಮೂಳೆಯೊಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗಿ, ಪೂರ್ತಿ ಬೆಂದ ಮಾಂಸವೂ ಮೂಳೆ ಹತ್ತಿರ ಕೆಂಪಗೆ ಕಾಣಬಹುದು. ಹಾಗೇ ರಸ ತಿಳಿಯಾಗಿದ್ರೂ ಒಳಗೆ 74 ಆಗಿಲ್ಲದೇ ಇರಬಹುದು. ನನ್ನ ‘ಜ್ಯೂಸಿ’ ವಾದ ಎಷ್ಟು ಪೊಳ್ಳು ಅಂತ ಇಲ್ಲಿ ಗೊತ್ತಾಗುತ್ತೆ: ಅದು ಹಸಿಯೋ ಅಲ್ವೋ ಅಂತ ತಿಳಿಯೋಕೆ ನನ್ನ ಹತ್ತಿರ ಯಾವ ದಾರಿಯೂ ಇರಲಿಲ್ಲ, ಆದ್ರೂ ಹೇಳಿಬಿಟ್ಟೆ.

ಡಾಕ್ಟರ್ ಹೇಳಿದ ಇನ್ನೊಂದು ಮಾತು: ನಮ್ಮ ವಯಸ್ಸಿನವರಿಗೆ ಇದು ಒಂದು ದಿನದ ಹೊಟ್ಟೆನೋವು. ವಯಸ್ಸಾದವರು, ಸಣ್ಣ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆ ಇರೋರಿಗೆ ಇದೇ ಆಸ್ಪತ್ರೆ ದಾರಿ. ಅಡುಗೆ ಮಾಡೋನು ಗಟ್ಟಿ, ತಿನ್ನೋರು ಅಲ್ಲ. ರಿಸ್ಕ್ ತಗೊಳ್ಳೋನು ಒಬ್ಬ, ಕಟ್ಟೋರು ಇನ್ನೊಬ್ಬರು.

ಈಗ ನಾನು ಮಾಡೋ ರೀತಿ

ಹಿಂದಿನ ರಾತ್ರಿ ಹಕ್ಕಿಯನ್ನ ಟಿಶ್ಯೂನಿಂದ ಚೆನ್ನಾಗಿ ಒರೆಸ್ತೀನಿ. ಒಳಗೂ ಹೊರಗೂ ಉಪ್ಪು, ಅರಿಶಿನ ಸವರಿ, ಫ್ರಿಡ್ಜ್‌ನ ಕೆಳಗಿನ ತಟ್ಟೆಯಲ್ಲಿ ಮುಚ್ಚದೆ ಇಡ್ತೀನಿ. ಚರ್ಮ ಒಣಗುತ್ತೆ, ಉಪ್ಪು ಒಳಗಿಳಿಯುತ್ತೆ.

ಮಾರನೇ ದಿನ ಮಸಾಲೆ. ನಮ್ಮ ಹಸಿರು ಮಸಾಲೆ, ಅಂದ್ರೆ ಕೊತ್ತಂಬರಿ, ಪುದೀನ, ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಿದ್ದು, ಹೊರಗೆ ಮೆತ್ತಿದ್ರೆ ಫ್ಯಾನಿನ ಗಾಳಿಗೆ ಒಣಗಿ, ಸುಟ್ಟು, ಕಹಿ ಆಗುತ್ತೆ. ಉಪಾಯ ಏನಂದ್ರೆ ಎದೆ ಮತ್ತು ತೊಡೆಯ ಚರ್ಮದ ಅಡಿಗೆ ಬೆರಳು ತೂರಿಸಿ, ಮಸಾಲೆಯನ್ನ ಒಳಗೆ ತಳ್ಳೋದು. ಮೇಲೆ ಬರೀ ಎಣ್ಣೆ, ಕುಟ್ಟಿದ ಕಾಳುಮೆಣಸು. ಗೌಜಲಕ್ಕಿಗೆ ಒಂದು ಚಮಚ ಎಣ್ಣೆ, ಕೋಳಿಗೆ ಎರಡು. ‘ಝೀರೋ ಆಯಿಲ್’ ಅಂತ ಹಠ ಬೇಡ. ಕರಿಯೋದಕ್ಕೆ ಹೋಲಿಸಿದ್ರೆ ಇದು ಹೇಗೂ ಕಮ್ಮಿ, ಮತ್ತೆ ಹಕ್ಕಿಯ ಚರ್ಮದಲ್ಲೇ ಕೊಬ್ಬಿದೆ, ಬುಟ್ಟಿ ಕೆಳಗೆ ತೊಟ್ಟಿಕ್ಕಿರೋದನ್ನ ನೋಡಿ.

ಯಂತ್ರವನ್ನ ಐದು ನಿಮಿಷ ಬರಿದೇ ಬಿಸಿ ಮಾಡಿ. ಕಾಲುಗಳನ್ನ ದಾರದಿಂದ ಬಿಗಿಯಾಗಿ ಕಟ್ಟಬೇಡಿ, ತೊಡೆ ಸಂದಿಗೆ ಗಾಳಿ ಹೋಗಲಿ.

600 ಗ್ರಾಂ ಕೋಳಿಗೆ: ಎದೆ ಕೆಳಗೆ ಮಾಡಿ 180 ಡಿಗ್ರಿ, 18 ನಿಮಿಷ. ತಿರುಗಿಸಿ 180ರಲ್ಲೇ 10 ನಿಮಿಷ. ಕೊನೆಗೆ 200ರಲ್ಲಿ 3ರಿಂದ 5 ನಿಮಿಷ, ಬಣ್ಣಕ್ಕೆ. ಚುಚ್ಚಿ ನೋಡಿ. 74 ಬಂದಿಲ್ಲ ಅಂದ್ರೆ 170ಕ್ಕೆ ಇಳಿಸಿ ನಾಲ್ಕು ನಾಲ್ಕು ನಿಮಿಷ ಸೇರಿಸ್ತಾ ಹೋಗಿ. ಹೊರಗೆ ಕಪ್ಪಾಗ್ತಿದ್ರೆ ಆ ಜಾಗಕ್ಕೆ ಮಾತ್ರ ಒಂದು ಚೂರು ಫಾಯಿಲ್ ಒತ್ತಿ ಮುಚ್ಚಿ. ಫಾಯಿಲ್ ಸಡಿಲ ಇದ್ರೆ ಹಾರಿ ಕಾಯಿಲ್‌ಗೆ ಅಂಟುತ್ತೆ, ಜೋಕೆ.

ಗೌಜಲಕ್ಕಿಗೆ: 190 ಡಿಗ್ರಿ. ಎದೆ ಕೆಳಗೆ 8 ನಿಮಿಷ, ತಿರುಗಿಸಿ 5 ನಿಮಿಷ. ಇದರಲ್ಲಿ ಎರಡು ನಿಮಿಷ ಹೆಚ್ಚಾದ್ರೂ ಒಣಗುತ್ತೆ, ಹಾಗಾಗಿ 12ನೇ ನಿಮಿಷಕ್ಕೇ ಚುಚ್ಚಿ ನೋಡಿ.

ಈ ನಿಮಿಷಗಳು ನಮ್ಮ ಮನೆಯ ಯಂತ್ರದ್ದು. ನಿಮ್ಮದರಲ್ಲಿ ಬೇರೆ ಆಗುತ್ತೆ. ಮೊದಲ ಎರಡು ಸಲ ಬರೆದಿಟ್ಟುಕೊಳ್ಳಿ: ತೂಕ, ಡಿಗ್ರಿ, ನಿಮಿಷ, ರೀಡಿಂಗ್. ಮೂರನೇ ಸಲಕ್ಕೆ ನಿಮ್ಮದೇ ಲೆಕ್ಕ ಸಿಗುತ್ತೆ. ಹೊರಗೆ ತೆಗೆದ ಮೇಲೆ ಕೋಳಿಯನ್ನ ಏಳೆಂಟು ನಿಮಿಷ, ಗೌಜಲಕ್ಕಿಯನ್ನ ಮೂರು ನಿಮಿಷ ಹಾಗೇ ಬಿಡಿ. ತಕ್ಷಣ ಕತ್ತರಿಸಿದ್ರೆ ರಸವೆಲ್ಲಾ ತಟ್ಟೆಗೆ ಹೋಗುತ್ತೆ.

ಈ ವರ್ಷ

ಈ ವರ್ಷದ ಹೊಸತೊಡಕಿಗೆ ಮಾಡ್ಲಾ ಬೇಡ್ವಾ ಅಂತ ನನಗೇ ಧೈರ್ಯ ಇರಲಿಲ್ಲ. ಅಜ್ಜಿನೇ, ‘ಡಬ್ಬ ಯಾಕ್ ಸುಮ್ನೆ ಕೂತೈತೆ?’ ಅಂದ್ರು. ಬೆಳಗ್ಗೆ ಐದಕ್ಕೆ ಕ್ಯೂ ನಿಂತು ಫ್ರೆಶ್ ಹಕ್ಕಿ ತಂದೆ. ಎರಡು ಗೌಜಲಕ್ಕಿ, ಒಂದು ಕೋಳಿ. ಒಂದೊಂದಾಗಿ ಬೇಯಿಸಿದೆ, ಊಟ ಮುಕ್ಕಾಲು ಗಂಟೆ ಲೇಟ್ ಆಯ್ತು, ಎಲ್ಲರ ಹತ್ರ ಬೈಸ್ಕೊಂಡೆ.

ಕೋಳಿಯ ತೊಡೆಗೆ ಚುಚ್ಚಿದೆ, 79. ಅಜ್ಜಿಗೆ ತೋರಿಸಿದೆ. ಅವರು ನಂಬರ್ ನೋಡಲೇ ಇಲ್ಲ. ಕಾಲು ಹಿಡಿದು ಸ್ವಲ್ಪ ತಿರುಚಿದ್ರು, ಸಂದಿನಿಂದ ಸಲೀಸಾಗಿ ಬಿಟ್ಟು ಬಂತು. ‘ಈಗ ಬೆಂದೈತೆ’ ಅಂದ್ರು.

ಹೋದ ವರ್ಷ ನಾನು ಬಡಿಸೋ ಮೊದಲು ಆ ಕಾಲನ್ನ ಒಂದು ಸಲ ಅಜ್ಜಿ ಕೈಗೆ ಕೊಟ್ಟಿದ್ರೆ ಸಾಕಿತ್ತು. ಅದು ಹಸಿ ಅಂತ ಹೇಳಿದ್ದೂ ಅವರೇ. ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಹಾಗಂತ ಥರ್ಮಾಮೀಟರ್ ಬಿಡಬೇಡಿ, ಅಜ್ಜಿಯ ಕೈ ಎಲ್ಲರ ಮನೆಯಲ್ಲೂ ಇರಲ್ಲ, ನಮ್ಮ ಕೈಗೆ ಆ ಅಂದಾಜು ಬರೋಕೆ ಇನ್ನೂ ಎಷ್ಟೋ ಕೋಳಿ ಬೇಕು.

ಗೌಜಲಕ್ಕಿ ಹೇಗಿತ್ತು ಅಂತ ಕೇಳಿದೆ. ಮುದ್ದೆ ಜೊತೆ ಪೂರ್ತಿ ತಿಂದು, ‘ಚೆನ್ನಾಗೈತೆ, ಆದ್ರೆ ಸಾರಿಲ್ವಲ್ಲಾ ಮಗಾ’ ಅಂದ್ರು. ಬುಟ್ಟಿ ಕೆಳಗೆ ತೊಟ್ಟಿಕ್ಕಿದ್ದ ರಸಕ್ಕೆ ನೀರು, ಮೆಣಸು, ಬೆಳ್ಳುಳ್ಳಿ ಹಾಕಿ ಅಮ್ಮ ಐದು ನಿಮಿಷ ಕುದಿಸಿ ತಂದಿಟ್ರು. ನೀವೂ ಆ ರಸ ಚೆಲ್ಲಬೇಡಿ.

ಇವತ್ತಿಗೆ ಇಷ್ಟೇ. ನಿಮ್ಮ ಏರ್ ಫ್ರೈಯರ್ ಎಡವಟ್ಟುಗಳಿದ್ರೆ ವಾಯ್ಸ್ ನೋಟ್ ಮಾಡಿ ಕಳಿಸಿ. ಇದನ್ನ ಮನೆಯಲ್ಲಿ ಅಡುಗೆ ಪ್ರಯೋಗ ಮಾಡೋ ಒಬ್ಬರಿಗಾದ್ರೂ ಫಾರ್ವರ್ಡ್ ಮಾಡಿ, ಅದರಲ್ಲೂ ಮನೆಯಲ್ಲಿ ವಯಸ್ಸಾದವರಿದ್ರೆ. ಮುಂದಿನ ವಾರ ಸಿಗೋಣ.